ಹಾಟ್ ಟಬ್ ಕೊಳ್ಳುವ ಮೊದಲು ಮೂರು ಲೆಕ್ಕ, ಒಂದು ಪ್ರಶ್ನೆ

ಕಳೆದ ಡಿಸೆಂಬರ್‌ನಲ್ಲಿ ಅಪ್ಪಯ್ಯ ತೀರ್ಥಹಳ್ಳಿಯಿಂದ ಪುಣೆಗೆ ಬಂದ ಮೂರನೇ ದಿನವೇ ಊರಿಗೆ ಹೊರಡುವ ಮಾತು ತೆಗೆದರು. ಅಮ್ಮ ಹೋದ ಮೇಲೆ ಅವರೊಬ್ಬರನ್ನೇ ಅಲ್ಲಿ ಬಿಡಬಾರದೆಂದು ಹಟ ಮಾಡಿ ಕರೆತಂದವನು ನಾನು. ಊಟ ಸೇರುತ್ತಿಲ್ಲವೇ, ಹೊತ್ತು ಹೋಗುತ್ತಿಲ್ಲವೇ ಎಂದು ಕೇಳಿದರೆ ಉತ್ತರವಿಲ್ಲ. ಕೊನೆಗೆ ನನ್ನ ಹೆಂಡತಿಯ ಹತ್ತಿರ ಹೇಳಿದರಂತೆ: "ಇಲ್ಲಿ ಸ್ನಾನ ಮಾಡಿದ ಹಾಗೇ ಆಗೋದಿಲ್ಲ ಮಾರಾಯ್ತಿ. ಮೈ ಒದ್ದೆಯಾಗ್ತದೆ, ಅಷ್ಟೆ."

ಮಲೆನಾಡಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಬಚ್ಚಲುಮನೆಯಲ್ಲಿ ದೊಡ್ಡ ತಾಮ್ರದ ಹಂಡೆ, ಕೆಳಗೆ ಅಡಿಕೆ ಸಿಪ್ಪೆಯ ಉರಿ. ಮಳೆಗಾಲದಲ್ಲಿ ತೋಟದಿಂದ ನೆನೆದು ಬಂದವರು ಮೊದಲು ಹೋಗುತ್ತಿದ್ದದ್ದು ಅಲ್ಲಿಗೆ. ಪುಣೆಯ ನಮ್ಮ ಏಳನೇ ಮಹಡಿಯ ಫ್ಲ್ಯಾಟಿನಲ್ಲಿರುವುದು 15 ಲೀಟರಿನ ಗೀಸರ್. ಮಂಡಿನೋವಿನ ಎಪ್ಪತ್ತೆಂಟರ ಮನುಷ್ಯ ಶವರಿನ ಕೆಳಗೆ ಗೋಡೆ ಹಿಡಿದು ನಿಲ್ಲಬೇಕು.

ಆಗ ನನ್ನ ತಲೆಗೆ ಹೊಕ್ಕಿದ್ದು ಹಾಟ್ ಟಬ್. ಮನೆಗೆ ಅಂಟಿಕೊಂಡ ತಾರಸಿ ಇದೆ, ಆ ವರ್ಷದ ಬೋನಸ್ಸೂ ಬಂದಿತ್ತು. ಅಂಗಡಿಯವರು ನಾಲ್ಕು ಜನ ಕೂರುವ ಮಾದರಿ ತೋರಿಸಿ 5.5 ಲಕ್ಷ ರೂಪಾಯಿಯ ಕೊಟೇಶನ್ ಕೊಟ್ಟರು. "ನಲ್ಲಿ, ಪ್ಲಗ್ಗು ಎರಡಿದ್ದರೆ ಸಾಕು ಸರ್" ಎಂದರು. ಮುಂಗಡ ಕೊಡಲು ನಾನು ತಯಾರಾಗಿದ್ದೆ.

ಇದು ಶ್ರೀಮಂತರ ಶೋಕಿ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಇಟಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೋದ ಜಕೂಝಿ ಸಹೋದರರದು ಪಂಪು ತಯಾರಿಸುವ ಕಂಪನಿ. ಅವರಲ್ಲೊಬ್ಬರಾದ ಕ್ಯಾಂಡಿಡೊ ಜಕೂಝಿಯ ಮಗನಿಗೆ ಎಳವೆಯಲ್ಲೇ ಸಂಧಿವಾತ ಬಂತು. ಮಗುವಿಗೆ ಮನೆಯಲ್ಲೇ ನೀರಿನ ಚಿಕಿತ್ಸೆ ಸಿಗಲೆಂದು ಅಪ್ಪ ಮಾಮೂಲಿ ಸ್ನಾನದ ತೊಟ್ಟಿಗೆ ಇಳಿಸಬಹುದಾದ ಪಂಪು ಮಾಡಿದ. ಅದು ಮಾರುಕಟ್ಟೆಗೆ ಬಂದದ್ದು 1956ರಲ್ಲಿ. ಅಂದರೆ ಇದರ ಮೂಲದಲ್ಲಿರುವುದು ಮನೆಯವರೊಬ್ಬರ ಕೀಲುನೋವು. ಅಪ್ಪಯ್ಯನ ಮಂಡಿಗಾಗಿ ನಾನು ಯೋಚಿಸಿದ್ದರಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ಲೆಕ್ಕ ಹಾಕದೆ ಹೊರಟದ್ದರಲ್ಲಿ.

ಮೊದಲನೇ ಲೆಕ್ಕ ತೂಕದ್ದು. ಇಲ್ಲೇ ಸ್ಟ್ರಕ್ಚರಲ್ ಎಂಜಿನಿಯರ್ ಆಗಿರುವ ಧಾರವಾಡದ ಗೆಳೆಯನಿಗೆ ಫೋನ್ ಮಾಡಿದೆ. "ಮೊದ್ಲ ಸ್ಲ್ಯಾಬಿನ ಡ್ರಾಯಿಂಗ್ ತೊಗೊಂಡ್ ಬಾ, ಆಮ್ಯಾಲೆ ರೊಕ್ಕದ ಮಾತು" ಎಂದ. ಒಂದು ಲೀಟರ್ ನೀರೆಂದರೆ ಒಂದು ಕೆಜಿ. ನಾನು ನೋಡಿದ ತೊಟ್ಟಿಗೆ 1,000 ಲೀಟರ್ ನೀರು, ತೊಟ್ಟಿಯ ತೂಕ 250 ಕೆಜಿ, ನಾಲ್ಕು ಜನ ಕೂತರೆ 280 ಕೆಜಿ. ಒಟ್ಟು ಒಂದೂವರೆ ಟನ್‌ಗೂ ಹೆಚ್ಚು. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಜಾಗಕ್ಕೆ ಇದನ್ನು ಹಂಚಿದರೆ ಚದರ ಮೀಟರಿಗೆ ಸುಮಾರು 380 ಕೆಜಿ. ನಮ್ಮ ದೇಶದ ಐಎಸ್ 875 ಮಾನದಂಡ ವಾಸದ ಕೋಣೆಗಳಿಗೆ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 200 ಕೆಜಿ, ಓಡಾಡುವ ತಾರಸಿಗೆ 150. ನನ್ನ ತಾರಸಿ ಕೆಳಗಿನ ಮನೆಯವರ ಮಲಗುವ ಕೋಣೆಯ ಸೂರು. ಅಂಗಡಿಯವರು ಇದರ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಎರಡನೇ ಲೆಕ್ಕ ಕರೆಂಟಿನದು. 1,000 ಲೀಟರ್ ನೀರನ್ನು 25 ಡಿಗ್ರಿಯಿಂದ 39 ಡಿಗ್ರಿಗೆ ಏರಿಸಲು ಸುಮಾರು 16 ಯೂನಿಟ್ ಬೇಕು. 3 ಕಿಲೋವ್ಯಾಟಿನ ಹೀಟರ್ ಐದೂವರೆ ಗಂಟೆ ಉರಿಯಬೇಕು. ಎರಡು ಬಕೆಟ್ ಬಿಸಿನೀರಿಗೆ ಒಂದು ಯೂನಿಟ್ಟೂ ಬೇಡ. ದಪ್ಪ ಮುಚ್ಚಳ ಹಾಕಿಟ್ಟರೆ ಶಾಖ ಉಳಿಯುತ್ತದೆ ನಿಜ, ಆದರೆ ಬೇಕೆಂದಾಗ ಬಿಸಿ ಸಿಗಬೇಕಾದರೆ ದಿನವೂ ಉರಿಸುತ್ತಲೇ ಇರಬೇಕು. ನೀರು, ಕರೆಂಟು ಒಟ್ಟಿಗಿರುವ ಜಾಗವಾದ್ದರಿಂದ ಪ್ರತ್ಯೇಕ ಲೈನು, ಸರಿಯಾದ ಅರ್ಥಿಂಗ್, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಅದರೊಳಗೆ ಕಾಲಿಡಬಾರದು.

ಮೂರನೇ ಲೆಕ್ಕ ನೀರಿನದು. ಈ ನೀರನ್ನು ದಿನಾ ಚೆಲ್ಲುವುದಿಲ್ಲ. ಸೋಸಿ, ಕ್ಲೋರಿನ್ ಹಾಕಿ ಮೂರು ನಾಲ್ಕು ತಿಂಗಳು ಬಳಸುತ್ತಾರೆ. ಹಾಗಾಗಿ ನೀರು ಪೋಲು ಎಂಬ ದೂರು ಅಷ್ಟು ಸರಿಯಲ್ಲ. ಕಷ್ಟ ಇರುವುದು ಆರೈಕೆಯಲ್ಲಿ. ಪಿಎಚ್ 7.2ರಿಂದ 7.8ರ ನಡುವೆ ಇರಬೇಕು, ಕ್ಲೋರಿನ್ ಮಟ್ಟವನ್ನು ಮೇಲಿಂದ ಮೇಲೆ ನೋಡಬೇಕು, ಫಿಲ್ಟರ್ ತೊಳೆಯಬೇಕು. ಬೇಸಿಗೆಯಲ್ಲಿ ಬರುವ ಟ್ಯಾಂಕರಿನ ಗಡಸು ನೀರಾದರೆ ಹೀಟರಿಗೆ ಸುಣ್ಣ ಕಟ್ಟುತ್ತದೆ. ಬೆಚ್ಚಗಿನ ನೀರನ್ನು ಹಾಗೇ ಬಿಟ್ಟರೆ ನ್ಯುಮೋನಿಯಾ ತರುವ ಲೀಜಿಯೊನೆಲ್ಲಾದಂಥ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಊರಲ್ಲಿ ಹೊಸ ಮನೆ ಕಟ್ಟಿಸಿ, ವರ್ಷಕ್ಕೆ ಎರಡು ಸಲ ಬೀಗ ತೆಗೆಯುವ ನಮ್ಮಂಥವರು ಆ ಮನೆಗೆ ಇದನ್ನು ಹಾಕಿಸುವ ಮೊದಲು ಇದೊಂದನ್ನು ನೆನಪಿಡಬೇಕು.

ಲೆಕ್ಕ ಮೂರೂ ಮುಗಿದ ಮೇಲೆ ಉಳಿದದ್ದು ಪ್ರಶ್ನೆ: ಇದರಲ್ಲಿ ಕೂರುವವರು ಯಾರು? ತೊಟ್ಟಿಯ ಅಂಚು ಸುಮಾರು ಮೂರು ಅಡಿ ಎತ್ತರ. ಮಂಡಿ ಮಡಚಲಾಗದ ಅಪ್ಪಯ್ಯ ಅದನ್ನು ದಾಟಿ ಇಳಿಯಬೇಕು, ಒದ್ದೆ ಮೈಯಲ್ಲಿ ಮತ್ತೆ ದಾಟಿ ಹತ್ತಬೇಕು. ಬಿಸಿ 40 ಡಿಗ್ರಿ ಮೀರಬಾರದು, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇಳಿಯಬಾರದು. ಅಪ್ಪಯ್ಯ ದಿನಕ್ಕೆ ಎರಡು ಮಾತ್ರೆ ನುಂಗುತ್ತಾರೆ. ಅವರಿಗೆಂದು ಕೊಳ್ಳಲು ಹೊರಟ ವಸ್ತುವಿನ ಬಗ್ಗೆ ಅವರನ್ನೇ ನಾನು ಕೇಳಿರಲಿಲ್ಲ. ಫೋನಿನಲ್ಲಿ ಚಿತ್ರ ತೋರಿಸಿದೆ. ನೋಡಿ, "ಕೂತ ನೀರಲ್ಲಿ ನಾವು ಎಮ್ಮೆ ಕೂರಿಸೋದು" ಎಂದು ಫೋನ್ ವಾಪಸ್ ಕೊಟ್ಟರು.

"ಹಾಗಾದ್ರೆ ನಿಮಗೆ ಏನು ಬೇಕು ಅಪ್ಪಯ್ಯಾ?"

"ಕೂತ್ಕೊಂಡು ಹೊಯ್ಕೊಳ್ಳೋ ಹಾಗೆ ಒಂದು ಹಂಡೆ ಬಿಸಿನೀರು."

ಅದಕ್ಕೆ ಪುಣೆಯಲ್ಲಿ ದೂರ ಹೋಗಬೇಕಾಗಿಲ್ಲ. ಕಸಬಾ ಪೇಠೆಯ ತಾಂಬಟ್ ಆಳಿ ತಾಮ್ರದ ಕೆಲಸದವರ ಹಳೆಯ ಓಣಿ. ಅಲ್ಲಿ ಸ್ನಾನದ ನೀರಿಗೆಂದೇ ಮಾಡಿದ ಅಗಲ ಬಾಯಿಯ, ಎರಡು ಹಿಡಿಯ ಪಾತ್ರೆ ಸಿಗುತ್ತದೆ. ಮರಾಠಿಯಲ್ಲಿ ಅದು ಘಂಗಾಳ. ಗಂಗಾಳ ಎಂದರೆ ಊಟದ ತಟ್ಟೆ ಎಂದು ಗೊತ್ತಿರುವ ಧಾರವಾಡದ ಗೆಳೆಯ ಹೊಟ್ಟೆ ಹುಣ್ಣಾಗುವಷ್ಟು ನಕ್ಕ. ಅಪ್ಪಯ್ಯ ಬೆರಳಲ್ಲಿ ಬಡಿದು, ಸದ್ದು ಕೇಳಿ, ಒಂದನ್ನು ಆರಿಸಿದರು. ಗೀಸರನ್ನು 25 ಲೀಟರಿಗೆ ಬದಲಿಸಿದೆ. 60 ಡಿಗ್ರಿಗೆ ಕಾಯಿಸಿ ತಣ್ಣೀರು ಬೆರೆಸಿದರೆ ಹದ ಬಿಸಿಯ ಐವತ್ತು ಲೀಟರ್ ಸಿಗುತ್ತದೆ. ಗೋಡೆಗೆ ಎರಡು ಹಿಡಿಕೆ, ಜಾರದ ನೆಲ, ಅಲುಗಾಡದ ಒಂದು ಸ್ಟೂಲು. ಎಲ್ಲ ಸೇರಿ ಕೊಟೇಶನ್ನಿನ ಹತ್ತನೇ ಒಂದು ಭಾಗವೂ ಆಗಲಿಲ್ಲ.

ಹಾಗೆಂದು ಹಾಟ್ ಟಬ್ ಕೊಳ್ಳಲೇಬೇಡಿ ಎನ್ನುವುದು ನನ್ನ ವಾದವಲ್ಲ. ನೆಲದ ಮೇಲೆ ಗಟ್ಟಿ ಕಾಂಕ್ರೀಟ್ ಹಾಸು ಹಾಕುವ ಜಾಗವಿದ್ದರೆ, ನೀರು ಒಳ್ಳೆಯದಿದ್ದರೆ, ವಾರಕ್ಕೆ ಎರಡು ಮೂರು ಸಲ ನಿಜವಾಗಿ ಕೂರುವವರು ಮನೆಯಲ್ಲಿದ್ದರೆ ಧಾರಾಳವಾಗಿ ಕೊಳ್ಳಿ. ಮಹಡಿ ಮನೆಯಾದರೆ ಎಂಜಿನಿಯರ್ ಬರೆದುಕೊಟ್ಟ ಕಾಗದ, ಸೊಸೈಟಿಯ ಒಪ್ಪಿಗೆ ಕೈಗೆ ಬರುವ ತನಕ ಮುಂಗಡ ಕೊಡಬೇಡಿ. ಅಪ್ಪ ಅಮ್ಮನಿಗಾಗಿ ಕೊಳ್ಳುವುದಾದರೆ ಮೊದಲು ಅವರನ್ನು ಕೇಳಿ. ದೂರದ ಊರಲ್ಲಿ ದುಡಿಯುವ ನಮಗೆ ಹತ್ತಿರ ಇರಲಾಗದ ಸಂಕಟಕ್ಕೆ ದೊಡ್ಡ ವಸ್ತು ತಂದಿಡುವ ಚಾಳಿಯಿದೆ. ನನಗಂತೂ ಇತ್ತು.

ಜನವರಿಗೆ ಹೊರಡುತ್ತೇನೆಂದಿದ್ದ ಅಪ್ಪಯ್ಯ ಯುಗಾದಿ ಮುಗಿಸಿಕೊಂಡು ಹೋದರು. ಭಾನುವಾರಗಳಂದು ಅವರ ಮಂಡಿಗೂ ಬೆನ್ನಿಗೂ ಎಣ್ಣೆ ತಿಕ್ಕಿ ನಾನೇ ನೀರು ಹೊಯ್ಯುತ್ತಿದ್ದೆ. ಮೊದಲ ಭಾನುವಾರ ಎರಡು ಚೊಂಬು ಹೊಯ್ದ ಮೇಲೆ ಕಣ್ಣು ಮುಚ್ಚಿಕೊಂಡೇ ಅಂದರು: "ಇನ್ನೂ ಸ್ವಲ್ಪ ಬಿಸಿ ಇರಲಿ ಮಾರಾಯ. ನಿನ್ನಮ್ಮ ಇದಕ್ಕಿಂತ ಬಿಸಿ ಹೊಯ್ತಿದ್ದಳು."