ಹಾಟ್ ಟಬ್ ಬ್ರೇಕರ್ ಪದೇ ಪದೇ ಟ್ರಿಪ್ ಆಗ್ತಿದೆಯಾ?

ಮಳೆ ಶುರುವಾಯಿತು ಅಂದರೆ ಈ ಅಂಕಣಕ್ಕೆ ಹಾಟ್ ಟಬ್ ಪ್ರಶ್ನೆಗಳೂ ಶುರು. ಬೇಸಿಗೆಯಿಡೀ ಖಾಲಿ ಬಿಟ್ಟಿದ್ದ ಟಬ್ಬನ್ನು ಅಕ್ಟೋಬರ್ ಕೊನೆಗೆ ತೊಳೆದು, ನೀರು ತುಂಬಿಸಿ, ಸ್ವಿಚ್ ಹಾಕುತ್ತಾರೆ. ಹತ್ತು ನಿಮಿಷಕ್ಕೆ ಟಕ್ ಅಂತ ಬ್ರೇಕರ್ ಟ್ರಿಪ್. ಮತ್ತೆ ಹಾಕಿದರೆ ಮತ್ತೆ ಟ್ರಿಪ್. ಈ ಸಲ ಬಂದ ಪ್ರಶ್ನೆಗಳಲ್ಲಿ ಒಂದು ನಮಗೆ ಗಾಬರಿ ಹುಟ್ಟಿಸಿತು. ಸಮ್ಮಾಮಿಶ್ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ಜಿಎಫ್‌ಸಿಐ ಬ್ರೇಕರ್ ತೆಗೆದು ಮಾಮೂಲಿ 50 ಆಂಪ್ ಬ್ರೇಕರ್ ಹಾಕಿದರೆ ಈ ಕಾಟ ನಿಲ್ಲುತ್ತದಂತೆ, ಹೌದಾ?"

ನಿಲ್ಲುತ್ತದೆ. ಭಯ ಇರುವುದೇ ಅಲ್ಲಿ. ಊರ ಮನೆಗಳಲ್ಲಿ ಫ್ಯೂಸ್ ಹೋದಾಗ ಏನು ಮಾಡುತ್ತಿದ್ದರು, ನೆನಪಿರಬೇಕಲ್ಲ? ಮೀಟರ್ ಬೋರ್ಡಿನ ಬಿಳಿ ಪಿಂಗಾಣಿ ಫ್ಯೂಸ್ ಕಿತ್ತು, ಸರಿಯಾದ ತೆಳು ತಂತಿ ಸಿಗದಿದ್ದರೆ ಯಾವುದೋ ಹಳೇ ವೈರಿನ ತಾಮ್ರದ ಎಳೆ ನಾಲ್ಕು ಸುತ್ತಿ ತಳ್ಳುತ್ತಿದ್ದರು. ಆಮೇಲೆ ಫ್ಯೂಸ್ ಹೋಗುತ್ತಿರಲಿಲ್ಲ, ವೈರಿಂಗೇ ಹೋಗುತ್ತಿತ್ತು. ಅಲ್ಲಿ ಹೋಗುತ್ತಿದ್ದುದು ವೈರು. ಇಲ್ಲಿ ಮಕ್ಕಳು ನೀರೊಳಗೆ ಕೂತಿರುತ್ತಾರೆ.

ಜಿಎಫ್‌ಸಿಐ ಮಾಡುವ ಕೆಲಸ ಸರಳ. ಟಬ್ಬಿಗೆ ಹೋದಷ್ಟು ಕರೆಂಟು ಅವೇ ತಂತಿಗಳಲ್ಲಿ ವಾಪಸ್ ಬಂತಾ ಅಂತ ಅದು ಸದಾ ಲೆಕ್ಕ ನೋಡುತ್ತಿರುತ್ತದೆ. ಲೆಕ್ಕ ತಪ್ಪಿದರೆ ಉಳಿದದ್ದು ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ: ಹೀಟರಿನ ಲೋಹದ ಕೊಳವೆಗೆ, ನೀರಿಗೆ, ಇಲ್ಲವೇ ನೀರಲ್ಲಿ ಕೂತವರ ಮೈಗೆ. ಸುಮಾರು 5 ಮಿಲಿಆಂಪ್, ಅಂದರೆ ಒಂದು ಆಂಪಿನ ಇನ್ನೂರನೇ ಒಂದು ಪಾಲು ಸೋರಿದರೂ ಅದು ಕರೆಂಟ್ ಕಡಿಯುತ್ತದೆ. ಒಂದು ಆಂಪಿನ ಹತ್ತನೇ ಒಂದು ಪಾಲು ಎದೆಯ ಮೂಲಕ ಹರಿದರೆ ಹೃದಯದ ಬಡಿತ ಕೆಟ್ಟು ಪ್ರಾಣ ಹೋಗಬಹುದು. ಮಾಮೂಲಿ 50 ಆಂಪ್ ಬ್ರೇಕರಿಗೆ ಅಷ್ಟು ಸೋರಿಕೆ ಗೊತ್ತೇ ಆಗುವುದಿಲ್ಲ. ಅದು ಇರುವುದು ತಂತಿ ಕಾಯುವುದಕ್ಕೆ, ಮನುಷ್ಯರನ್ನು ಕಾಯುವುದಕ್ಕಲ್ಲ. ಬೆಂಗಳೂರಿನ ಹೊಸ ಮನೆಗಳಲ್ಲಿ ಹಾಕುವ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿಆಂಪಿನದು. ಇಲ್ಲಿನದು ಅದಕ್ಕಿಂತ ಸೂಕ್ಷ್ಮ. 1961ರಲ್ಲಿ ಇದನ್ನು ಕಂಡುಹಿಡಿದ ಬರ್ಕ್ಲಿಯ ಪ್ರೊಫೆಸರ್ ಚಾರ್ಲ್ಸ್ ಡಾಲ್ಜಿಯಲ್, ಮನುಷ್ಯನ ಮೈ ಎಷ್ಟು ಕರೆಂಟ್ ತಡೆದೀತು ಅನ್ನುವುದನ್ನೇ ವರ್ಷಗಟ್ಟಲೆ ಅಳೆದವರು.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಟ್ರಿಪ್ ನಿಲ್ಲಿಸುವುದು ಹೇಗೆ ಅಂತಲ್ಲ, ಸೋರುತ್ತಿರುವುದು ಯಾವುದು ಅಂತ. ಅದನ್ನು ಹುಡುಕುವ ಮುಂಚೆ ಇಲ್ಲಿನ ವೈರಿಂಗ್ ಬಗ್ಗೆ ಎರಡು ಮಾತು. ಊರಲ್ಲಿ ಒಂದು ಫೇಸು, ಒಂದು ನ್ಯೂಟ್ರಲ್, ನಡುವೆ 230 ವೋಲ್ಟ್. ಇಲ್ಲಿ ದೊಡ್ಡ ಟಬ್ಬಿಗೆ ಸಾಮಾನ್ಯವಾಗಿ ನಾಲ್ಕು ತಂತಿ ಬರುತ್ತವೆ: ಕರೆಂಟಿರುವ ಕಪ್ಪು ಮತ್ತು ಕೆಂಪು, ನ್ಯೂಟ್ರಲ್ ಆದ ಬಿಳಿ, ಅರ್ತಿಂಗಿನ ಹಸಿರು. ಕಪ್ಪಿಗೂ ಬಿಳಿಗೂ 120, ಕೆಂಪಿಗೂ ಬಿಳಿಗೂ 120, ಕಪ್ಪಿಗೂ ಕೆಂಪಿಗೂ ನಡುವೆ 240. ಊರಿಂದ ತಂದ ಟೆಸ್ಟರ್ ಸ್ಕ್ರೂಡ್ರೈವರ್ ಇಲ್ಲಿ ಅರ್ಧ ಸತ್ಯ ಮಾತ್ರ ಹೇಳುತ್ತದೆ. ಒಳ್ಳೇ ಮಲ್ಟಿಮೀಟರ್ ಬೇಕೇ ಬೇಕು.

ಟಬ್ಬಿನಿಂದ ಕನಿಷ್ಠ 5 ಅಡಿ ದೂರದಲ್ಲಿ, ಕಣ್ಣಿಗೆ ಕಾಣುವ ಹಾಗೆ ಗೋಡೆ ಮೇಲೆ ಒಂದು ಡಬ್ಬಿ ಇರುತ್ತದೆ. ಬಹಳ ಮನೆಗಳಲ್ಲಿ ಜಿಎಫ್‌ಸಿಐ ಇರುವುದು ಅದರಲ್ಲೇ. ಆ ಬ್ರೇಕರ್ ಆಫ್ ಮಾಡಿದರೂ ಡಬ್ಬಿಯೊಳಗೆ ಮನೆ ಕಡೆಯಿಂದ ಬಂದ ತಂತಿಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಟಬ್ಬಿನ ಪಕ್ಕದ ಹಲಗೆ ಬಿಚ್ಚುವ ಮುಂಚೆ ಮನೆಯ ಪ್ಯಾನೆಲ್ಲಿನಲ್ಲೂ ಟಬ್ಬಿನ ಬ್ರೇಕರ್ ಆಫ್ ಮಾಡಿ, ಮನೆಯವರಿಗೆ ಹೇಳಿ, ಮೇಲೆ ಚೀಟಿ ಅಂಟಿಸಿ. ಆಮೇಲೆ ಮೀಟರನ್ನು ಮೊದಲು ಕರೆಂಟಿರುವ ಒಂದು ಪ್ಲಗ್ಗಿನಲ್ಲಿ ನೋಡಿ, ನಂತರ ಟಬ್ಬಿನ ತಂತಿಗಳಲ್ಲಿ, ಮತ್ತೆ ಅದೇ ಪ್ಲಗ್ಗಿನಲ್ಲಿ. ಮೀಟರೇ ಕೆಟ್ಟಿದ್ದರೆ ಸೊನ್ನೆ ತೋರಿಸಿ ಮೋಸ ಮಾಡುತ್ತದೆ ನೋಡಿ, ಅದಕ್ಕೆ. ಇಷ್ಟು ತಾಳ್ಮೆ ಇಲ್ಲದವರು ದಯವಿಟ್ಟು ಹಲಗೆ ಬಿಚ್ಚಬೇಡಿ. ಬಾಡಿಗೆ ಮನೆಯವರಂತೂ ಬಿಚ್ಚಲೇಬೇಡಿ. ಬ್ರೇಕರ್ ಆಫ್ ಮಾಡಿ, ಫೋಟೋ ತೆಗೆದು, ಮನೆ ಮಾಲೀಕರಿಗೆ ಈಮೇಲ್ ಹಾಕಿ. ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗಬೇಡಿ.

ಅರ್ಧ ಉತ್ತರ ಸಿಗುವುದು ಟ್ರಿಪ್ ಯಾವಾಗ ಆಗುತ್ತದೆ ಅನ್ನುವುದರಲ್ಲಿ. ನೀರು ಕಾಯುವುದಕ್ಕೆ ಶುರುವಾದ ಕೂಡಲೇ ಆದರೆ ಮೊದಲ ಅನುಮಾನ ಹೀಟರ್ ಮೇಲೆ. ಎಲಿಮೆಂಟಿನ ಹೊರ ಕವಚ ಕೆಮಿಕಲ್ಲಿಗೆ ತಿಂದು ಸಣ್ಣ ಬಿರುಕು ಬಿಟ್ಟರೆ ಸಾಕು, ನೀರು ಒಳಗಿಳಿಯುತ್ತದೆ. ಜೆಟ್ ಒತ್ತಿದಾಗ ಮಾತ್ರ ಆದರೆ ಆ ಪಂಪು: ಶಾಫ್ಟಿನ ಸೀಲ್ ಸವೆದು ನೀರು ಮೋಟಾರಿಗೆ ಜಿನುಗುತ್ತಿರುತ್ತದೆ, ಕೆಳಗೆ ಬಿಳಿ ಉಪ್ಪಿನ ಹಾಗೆ ಕಟ್ಟಿರುತ್ತದೆ. ಮಳೆ ಬಂದಾಗ ಮಾತ್ರ ಆದರೆ ಡಬ್ಬಿಯೊಳಗೆ ಅಥವಾ ಪೈಪಿನೊಳಗೆ ನೀರು ನಿಂತಿದೆ. ಯಾವ ಹೊತ್ತಿಗೆ ಅಂತ ಗೊತ್ತೇ ಆಗದ ಹಾಗೆ ಆದರೆ ಓಝೋನೇಟರ್ ನೋಡಿ. ಅದರ ಕೊಳವೆಯಲ್ಲಿ ನೀರು ಹಿಂದೆ ಬರದಂತೆ ತಡೆಯುವ ಪುಟ್ಟ ವಾಲ್ವ್ ಕೆಟ್ಟರೆ ನೀರು ನೇರ ಓಝೋನೇಟರ್ ಡಬ್ಬಿಗೇ ಬರುತ್ತದೆ. ಇಲಿ, ಇರುವೆಗಳನ್ನೂ ಮರೀಬೇಡಿ. ಹೊರಗೆ ಮೂರು ತಿಂಗಳು ಜಡಿಮಳೆ, ಟಬ್ಬಿನ ಹೊಟ್ಟೆಯೊಳಗೆ ಬೆಚ್ಚಗೆ. ಅವಕ್ಕೆ ಇನ್ನೇನು ಬೇಕು.

ಅನುಮಾನ ಪಕ್ಕಾ ಮಾಡಿಕೊಳ್ಳುವ ರೀತಿ ಒಂದೇ. ಎರಡೂ ಬ್ರೇಕರ್ ಆಫ್ ಮಾಡಿ, ಒಂದು ಭಾಗವನ್ನು ಮಾತ್ರ ಕಂಟ್ರೋಲ್ ಬೋರ್ಡಿನಿಂದ ಬಿಡಿಸಿ, ಬಿಡಿಸಿದ ತುದಿಗಳಿಗೆ ಟೇಪ್ ಸುತ್ತಿ, ಹಲಗೆ ಮುಚ್ಚಿ, ನೀರಲ್ಲಿ ಯಾರೂ ಇಲ್ಲದಾಗ ಬ್ರೇಕರ್ ಹಾಕಿ ನೋಡುವುದು. ಮೊದಲು ಓಝೋನೇಟರ್, ಅದು ಬರೀ ಪ್ಲಗ್ಗು. ಆಮೇಲೆ ಹೀಟರ್, ಆಮೇಲೆ ಒಂದೊಂದೇ ಪಂಪು. ಯಾವುದನ್ನು ಬಿಡಿಸಿದಾಗ ಟ್ರಿಪ್ ನಿಂತಿತೋ ಅದೇ ಕಳ್ಳ. ಪ್ರತಿ ಸಲ ಕೈ ಒಳಗೆ ಹಾಕುವ ಮುಂಚೆ ಮತ್ತೆ ಆಫ್, ಮತ್ತೆ ಮೀಟರ್. ಬೇಸರದ ಕೆಲಸ, ನಿಜ. ಹೀಟರನ್ನು ಮೀಟರಿನಲ್ಲೇ ನೋಡಬಹುದು: ಬಿಡಿಸಿದ ಮೇಲೆ ಎರಡು ತುದಿಗಳ ನಡುವೆ 5.5 ಕಿಲೋವ್ಯಾಟಿನದಾದರೆ ಸುಮಾರು 10.5 ಓಮ್, 4 ಕಿಲೋವ್ಯಾಟಿನದಾದರೆ ಸುಮಾರು 14.4 ಓಮ್ ಬರಬೇಕು. ತುದಿಗೂ ಲೋಹದ ಕವಚಕ್ಕೂ ನಡುವೆ ಮೀಟರ್ ಏನೂ ತೋರಿಸಬಾರದು. ತೋರಿಸಿದರೆ ಎಲಿಮೆಂಟಿನ ಆಯಸ್ಸು ಮುಗಿದಿದೆ.

ಎಲ್ಲ ಬಿಡಿಸಿದ ಮೇಲೂ ಟ್ರಿಪ್ ಆಗುತ್ತಿದ್ದರೆ ಬ್ರೇಕರಿಗೂ ವಯಸ್ಸಾಗುತ್ತದೆ, ಅದೇ ಕೆಟ್ಟಿರಬಹುದು. ಹಾಗಿದ್ದರೂ ಬದಲಿಗೆ ಬರಬೇಕಾದ್ದು ಇನ್ನೊಂದು ಜಿಎಫ್‌ಸಿಐಯೇ. ಹೊಸದಾಗಿ ಹಾಕಿಸಿದ ಟಬ್ಬು ಮೊದಲ ದಿನದಿಂದಲೇ ಟ್ರಿಪ್ ಆಗುತ್ತಿದ್ದರೆ ಮಾತ್ರ ಕಥೆ ಬೇರೆ. ಆ ಬ್ರೇಕರಿನಿಂದ ಸುರುಳಿ ಸುತ್ತಿದ ಒಂದು ಬಿಳಿ ತಂತಿ ಬಂದಿರುತ್ತದೆ, ಅದು ಡಬ್ಬಿಯ ನ್ಯೂಟ್ರಲ್ ಪಟ್ಟಿಗೆ ಹೋಗಬೇಕು. ಟಬ್ಬಿನ ಬಿಳಿ ತಂತಿ ಬ್ರೇಕರಿಗೇ ಹೋಗಬೇಕು. ಎರಡನ್ನೂ ಪಟ್ಟಿಗೇ ಕಟ್ಟಿದ್ದರೆ ವಾಪಸ್ ಬರುವ ಕರೆಂಟ್ ಬ್ರೇಕರಿನ ಲೆಕ್ಕಕ್ಕೆ ಸಿಗುವುದಿಲ್ಲ, ಅದು ಸೋರಿಕೆ ಅಂದುಕೊಳ್ಳುತ್ತದೆ. ಹಾಕಿದವರನ್ನೇ ಕರೆಸಿ ಸರಿ ಮಾಡಿಸಿ, ಮತ್ತೆ ದುಡ್ಡು ಕೊಡಬೇಡಿ.

ಟ್ರಿಪ್ ಇಲ್ಲ, ದೀಪ ಉರಿಯುತ್ತದೆ, ಪಂಪು ತಿರುಗುತ್ತದೆ, ನೀರು ಮಾತ್ರ ಕಾಯುವುದಿಲ್ಲ ಅನ್ನುವವರೂ ಇದ್ದಾರೆ. ಎರಡು ಕರೆಂಟ್ ತಂತಿಗಳಲ್ಲಿ ಒಂದು ಸತ್ತಿದ್ದರೆ ಕೆಲವು ಟಬ್ಬುಗಳು ಹೀಗೆ ಆಡುತ್ತವೆ: 120ರಲ್ಲಿ ನಡೆಯುವುದೆಲ್ಲ ನಡೆಯುತ್ತದೆ, 240 ಬೇಕಾದ ಹೀಟರ್ ಮಲಗುತ್ತದೆ. ಬೋರ್ಡಿಗೆ ತಂತಿ ಬಂದು ಸೇರುವ ಜಾಗದಲ್ಲಿ ಸ್ಕ್ರೂ ಸಡಿಲವಾಗಿ ಸುಟ್ಟು ಕಪ್ಪಾಗಿರುವುದೂ ಉಂಟು. ಸುಟ್ಟ ವಾಸನೆ ಬಂದರೆ ಹುಡುಕುತ್ತಾ ಕೂರಬೇಡಿ, ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಯಿರಿ. ಇನ್ನು ಹೊಸ ನೀರು ತುಂಬಿಸಿ ಎರಡು ಗಂಟೆಗೆ "ಹೀಟರ್ ಕೆಟ್ಟಿದೆ" ಅಂತ ಫೋನ್ ಮಾಡುವವರಿಗೆ ಒಂದು ಲೆಕ್ಕ: 350 ಗ್ಯಾಲನ್ ಅಂದರೆ ಸುಮಾರು 1,325 ಲೀಟರ್. 4 ಕಿಲೋವ್ಯಾಟ್ ಹೀಟರ್ ಅದನ್ನು ಗಂಟೆಗೆ ಎರಡೂವರೆ ಡಿಗ್ರಿ ಸೆಲ್ಸಿಯಸ್ ಏರಿಸಿದರೆ ಹೆಚ್ಚು. ನಲ್ಲಿಯ 10 ಡಿಗ್ರಿ ನೀರು 40ಕ್ಕೆ ಬರಲು ಅರ್ಧ ದಿನ ಬೇಕು. ಪ್ಲಗ್ಗಿಗೆ ಸಿಕ್ಕಿಸುವ ಚಿಕ್ಕ ಟಬ್ಬುಗಳಲ್ಲಿ ಇನ್ನೂ ನಿಧಾನ. ನೀರು ತುಂಬುವ ಹಬ್ಬದ ರಾತ್ರಿ ಹಂಡೆ ತುಂಬಿಸಿಟ್ಟು ಬೆಳಗಿನ ಜಾವ ಒಲೆ ಹಚ್ಚುತ್ತಿದ್ದ ಅಜ್ಜಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿರಲಿಲ್ಲ.

ಪ್ಯಾನೆಲ್ಲಿನಲ್ಲಿ ಎಫ್ಎಲ್ಓ ಅಂತ ಬಂದರೆ ಅದು ಬಹುತೇಕ ಕರೆಂಟಿನ ದೋಷವೇ ಅಲ್ಲ, ನೀರು ಹರಿಯುತ್ತಿಲ್ಲ ಅಂತ. ಫಿಲ್ಟರ್ ತೆಗೆದು ಸ್ವಲ್ಪ ಹೊತ್ತು ಓಡಿಸಿ ನೋಡಿ. ಸರಿಹೋದರೆ ಫಿಲ್ಟರ್ ತೊಳೆಯಿರಿ. ಓಎಚ್ ಅಂತ ಬಂದರೆ ನೀರು ಮಿತಿ ಮೀರಿ ಕಾದಿದೆ, ಯಾರೂ ಇಳಿಯಬಾರದು.

ಇನ್ನೊಂದು ಲಕ್ಷಣವನ್ನು ಬೇರೆಯಾಗಿಯೇ ಹೇಳಬೇಕು. ನೀರಿಗೆ ಕೈ ಹಾಕಿದಾಗ ಅಥವಾ ಟಬ್ಬಿನಲ್ಲಿ ಕೂತು ಪಕ್ಕದ ಕಂಬಿ ಹಿಡಿದಾಗ ಜುಮ್ ಅಂತ ಸಣ್ಣ ಶಾಕ್ ಬಂದರೆ, ಬ್ರೇಕರ್ ಟ್ರಿಪ್ ಆಗದಿದ್ದರೂ ತಕ್ಷಣ ಎಲ್ಲರೂ ಹೊರಗೆ ಬನ್ನಿ, ಕಂಬಿ ಮುಟ್ಟದೆ. ಟಬ್ಬಿನ ಸುತ್ತಲಿನ ಲೋಹವನ್ನೆಲ್ಲ ದಪ್ಪ ತಾಮ್ರದ ತಂತಿಯಿಂದ ಒಂದಕ್ಕೊಂದು ಕಟ್ಟಿರಬೇಕು, ಅದನ್ನು ಬಾಂಡಿಂಗ್ ಅನ್ನುತ್ತಾರೆ. ಅದು ಕಡಿದಿದ್ದರೆ ಅಥವಾ ಬೀದಿಯಿಂದ ಬರುವ ನ್ಯೂಟ್ರಲ್ ಕೆಟ್ಟಿದ್ದರೆ ಹೀಗಾಗಬಹುದು, ಆಗ ಟಬ್ಬಿನ ಬ್ರೇಕರ್ ಆಫ್ ಮಾಡಿದರೂ ಶಾಕ್ ಹೋಗದೆ ಇರಬಹುದು. ಎಲೆಕ್ಟ್ರಿಷಿಯನ್ನಿಗೂ ಕರೆಂಟ್ ಕಂಪನಿಗೂ ಅವತ್ತೇ ಫೋನ್ ಮಾಡಿ. ಇಲ್ಲಿ ನಾವೇ ಮಾಡುವ ರಿಪೇರಿ ಯಾವುದೂ ಇಲ್ಲ.

ರಿಪೇರಿ ತಡವಾಗುವ ಹಾಗಿದ್ದು ಹೊರಗೆ ನೀರು ಗಡ್ಡೆ ಕಟ್ಟುವ ಚಳಿ ಬಂದರೆ ಟಬ್ಬಿಗಿಂತ ಮೊದಲು ಒಡೆಯುವುದು ಒಳಗಿನ ಪೈಪು. 2024ರ ನವೆಂಬರ್ 19ರ ಬಿರುಗಾಳಿಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ಹೋಗಿ ಕೆಲವು ಕಡೆ ದಿನಗಟ್ಟಲೆ ಬರಲಿಲ್ಲ, ನೆನಪಿದೆಯಲ್ಲ. ಮುಚ್ಚಳ ತೆಗೆಯದೆ ಬಿಟ್ಟರೆ ಬಿಸಿ ನೀರು ಒಂದೆರಡು ದಿನ ತಡೆಯುತ್ತದೆ. ಅದಕ್ಕೂ ಮೀರಿದರೆ ಟಬ್ಬಷ್ಟೇ ಅಲ್ಲ, ಪಂಪು ಪೈಪುಗಳ ನೀರನ್ನೂ ಖಾಲಿ ಮಾಡಿ.

ಎಲೆಕ್ಟ್ರಿಷಿಯನ್ ಕರೆಯುವ ಮುಂಚೆ ಅವರ ಲೈಸೆನ್ಸನ್ನು ರಾಜ್ಯದ ಎಲ್ ಅಂಡ್ ಐ ಇಲಾಖೆಯ ವೆಬ್‌ಸೈಟಿನಲ್ಲಿ ನೋಡಿ. ಹೆಸರು ಹಾಕಿದರೆ ಸಿಗುತ್ತದೆ, ದುಡ್ಡಿಲ್ಲ. ಹೊಸ ಲೈನ್ ಎಳೆಸುವುದಾದರೆ ಪರ್ಮಿಟ್ ಬೇಕು. ಸಿಯಾಟಲ್, ಬೆಲ್‌ವ್ಯೂ, ರೆಡ್ಮಂಡ್‌ಗಳಲ್ಲಿ ನಗರದವರೇ ಕೊಡುತ್ತಾರೆ, ನಗರದವರು ಕೊಡದ ಕಡೆ ಎಲ್ ಅಂಡ್ ಐ. "ಪರ್ಮಿಟ್ ಬೇಡ ಬಿಡಿ, ಕಮ್ಮಿಗೆ ಮಾಡಿಕೊಡ್ತೀನಿ" ಅನ್ನುವವರು ಪರಿಚಯದವರಾದರೂ ಬೇಡ ಅನ್ನಿ. ಫೋನಿನಲ್ಲಿ ಮೂರು ವಿಷಯ ಹೇಳಿದರೆ ಅವರ ಒಂದು ಗಂಟೆಯ ಕೂಲಿ ಉಳಿಯುತ್ತದೆ: ಟ್ರಿಪ್ ಯಾವಾಗ ಆಗುತ್ತದೆ, ಏನನ್ನು ಬಿಡಿಸಿದಾಗ ನಿಂತಿತು, ಪ್ಯಾನೆಲ್ಲಿನಲ್ಲಿ ಯಾವ ಅಕ್ಷರ ಬಂತು. ಹಾಗೇ ತಿಂಗಳಿಗೊಮ್ಮೆ ಜಿಎಫ್‌ಸಿಐ ಮೇಲಿನ ಟೆಸ್ಟ್ ಗುಂಡಿ ಒತ್ತಿ. ಒತ್ತಿದ ಕೂಡಲೇ ಟ್ರಿಪ್ ಆಗಬೇಕು. ಆಗದಿದ್ದರೆ ಅವತ್ತಿನಿಂದ ಟಬ್ ಬಂದ್, ಬ್ರೇಕರ್ ಬದಲಾಗುವ ತನಕ.

ಮುಂದಿನ ತಿಂಗಳು: ಗಟರಿನಲ್ಲಿ ಪೈನ್ ಎಲೆ ತುಂಬಿ ಗ್ಯಾರೇಜಿಗೆ ನೀರಿಳಿಯುವ ಬಗ್ಗೆ ಬಂದ ಪ್ರಶ್ನೆಗಳು.