ಅರುವತ್ತು ಸೋಲುಗಳ ಲೆಕ್ಕ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಜಾತ್ರೆಯ ಕುಸ್ತಿ ನೋಡಿ ಬೆಳೆದವರಿಗೆ ಸೋಲು ಗೆಲವುಗಳ ಲೆಕ್ಕ ಬಲು ಸರಳ. ಬೆನ್ನು ಮಣ್ಣಿಗೆ ತಾಗಿತೋ, ಕುಸ್ತಿ ಮುಗಿಯಿತು. ಪೈಲ್ವಾನನ ಕೀರ್ತಿ ಜನರ ಬಾಯಲ್ಲಿ ಉಳಿಯುತ್ತದೆ. ಎಷ್ಟು ಸಲ ಬಿದ್ದನೆಂಬುದನ್ನು ಯಾರೂ ಬರೆದಿಡುವುದಿಲ್ಲ. ಟೆನಿಸ್ ಆಟದ ರೀತಿಯೇ ಬೇರೆ. ಅಲ್ಲಿ ಪ್ರತಿಯೊಂದು ಸೋಲೂ ಖಾತೆಗೆ ಏರುತ್ತದೆ.

ಅಂಥ ಖಾತೆಯೊಂದನ್ನು ಈ ವಾರ ವಾಚಕರ ಮುಂದೆ ಬಿಚ್ಚುವ ಮನಸ್ಸಾಗಿದೆ. ಅದು ಕರ್ನಾಟಕದ ಇನ್ನೊಂದು ತುದಿಯಲ್ಲಿ, ಕೊಡಗಿನ ಕಾಫಿ ಬೆಳೆಗಾರರ ಮನೆಯಲ್ಲಿ ಬೆಳೆದ ರೋಹನ್ ಬೋಪಣ್ಣನವರದು. ಜನನ 1980. ಸಿಂಗಲ್ಸ್ ಆಟದಲ್ಲಿ ಅವರು ಏರಿದ ಅತ್ಯುನ್ನತ ಸ್ಥಾನ 213, ಅದೂ 2007ರಲ್ಲಿ. ಇಪ್ಪತ್ತೇಳರ ವಯಸ್ಸಿಗೆ ಜಗತ್ತಿನಲ್ಲಿ 213ನೆಯವನಾದ ಮಗನಿಗೆ ‘ಬೇರೆ ಉದ್ಯೋಗ ನೋಡಿಕೊ’ ಎನ್ನದ ಮನೆಗಳು ನಮ್ಮಲ್ಲಿ ಎಷ್ಟಿದ್ದಾವು?

ಬೋಪಣ್ಣ ಡಬಲ್ಸ್ ಹಿಡಿದರು. 2010ರಲ್ಲಿ ಪಾಕಿಸ್ತಾನದ ಐಸಾಮ್-ಉಲ್-ಹಕ್ ಖುರೇಷಿಯವರ ಜೊತೆ ಅಮೆರಿಕನ್ ಓಪನ್ ಪಂದ್ಯಾವಳಿಯ ಅಂತಿಮ ಪಂದ್ಯ ತಲುಪಿ, ಬ್ರಯನ್ ಸೋದರರಿಗೆ 6-7, 6-7ರಿಂದ ಸೋತರು. 2016ರ ರಿಯೋ ಒಲಿಂಪಿಕ್ಸಿನಲ್ಲಿ ಸಾನಿಯಾ ಮಿರ್ಜಾರೊಡನೆ ನಾಲ್ಕನೆಯ ಸ್ಥಾನ. ಪದಕಗಳೋ ಮೂರಕ್ಕೇ ಮುಗಿಯುತ್ತವೆ. 2017ರಲ್ಲಿ ಪ್ಯಾರಿಸ್ಸಿನಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೋವ್ಸ್ಕಿಯವರೊಡನೆ ಮಿಶ್ರ ಡಬಲ್ಸಿನ ಕಿರೀಟವೇನೋ ಬಂದಿತು. ಗ್ರ್ಯಾಂಡ್ ಸ್ಲಾಮ್ ಪುರುಷರ ಡಬಲ್ಸಿನ ಪುಟ ಮಾತ್ರ ಬರಿದಾಗಿಯೇ ಉಳಿದಿತ್ತು.

ಅಷ್ಟರಲ್ಲಿ ಮೊಣಕಾಲಿನ ಮೂಳೆಗಳ ನಡುವಣ ಮೆತ್ತೆ ಸವೆದುಹೋಯಿತು. ನೋವಿಗೆ ಅವರು ಹಿಡಿದ ದಾರಿ ಅಯ್ಯಂಗಾರ್ ಯೋಗ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರರ ಪದ್ಧತಿ. (ಲೋಕವೆಲ್ಲ ಸುತ್ತಿದ ವಿದ್ಯೆ ನಮ್ಮವರಿಗೂ ಒದಗಿತಲ್ಲ!) ಅನಂತರದ ಪುಟಗಳೇ ಸ್ವಾರಸ್ಯಕರ. 2024ರ ಜನವರಿ 27ರಂದು ಮೆಲ್ಬರ್ನಿನಲ್ಲಿ, ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ, ಇಟಲಿಯ ಬೊಲೆಲ್ಲಿ ಹಾಗೂ ವವಸ್ಸೋರಿ ಜೋಡಿಯನ್ನು 7-6, 7-5ರಿಂದ ಮಣಿಸಿ ಬೋಪಣ್ಣ ಆ ಬರಿದಾದ ಪುಟವನ್ನು ತುಂಬಿದರು. ಅದು 61ನೆಯ ಪ್ರಯತ್ನ. ಎಬ್ಡೆನ್ 19ನೆಯ ಜೊತೆಗಾರ. ಎಂದರೆ, ಅದಕ್ಕೆ ಮುನ್ನ 60 ಸಲ ಕಿರೀಟವಿಲ್ಲದೆ ಊರಿಗೆ ಮರಳಿದ್ದಾಯಿತು! ಎರಡು ದಿನಗಳ ಬಳಿಕ, ನಲವತ್ತಮೂರರ ಪ್ರಾಯದಲ್ಲಿ, ಡಬಲ್ಸಿನಲ್ಲಿ ಜಗತ್ತಿಗೇ ಮೊದಲನೆಯವರೆನಿಸಿದರು. ಅಷ್ಟು ಹಿರಿಯ ವಯಸ್ಸಿನಲ್ಲಿ ಆ ಸ್ಥಾನವನ್ನು ಅವರಿಗೆ ಮುಂಚೆ ಯಾರೂ ಮೊದಲ ಬಾರಿಗೆ ಏರಿರಲಿಲ್ಲ.

2025ರ ನವೆಂಬರಿನಲ್ಲಿ ನಿವೃತ್ತಿ ಸಾರಿದಾಗ ಖಾತೆಯಲ್ಲಿ ಎ.ಟಿ.ಪಿ. ಡಬಲ್ಸ್ ಪ್ರಶಸ್ತಿಗಳು 26. ಕೊನೆಯ ಪಂದ್ಯ ಪ್ಯಾರಿಸ್ಸಿನಲ್ಲಿ, ಕಜಕಸ್ತಾನದ ಬುಬ್ಲಿಕ್ ಜೊತೆ. ಅದರ ಮುಂದೆಯೂ ಸೋಲೆಂದೇ ಬರೆದಿದೆ.