ಸಸಿ ಎಣಿಸುವವರಿಗೆ ಮಳೆಯ ಪಾಠ

ಕಡಿದ ಕಾಡಿಗೆ ಬದಲಾಗಿ ಸಸಿ ನೆಟ್ಟರೆ ಲೆಕ್ಕ ಚುಕ್ತಾ ಎನ್ನುವುದು ನಮ್ಮ ಕಾಲದ ಸಭ್ಯ ಸುಳ್ಳು. 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆ ಈ ಲೆಕ್ಕದ ಹಣಕ್ಕೊಂದು ಖಾತೆಯನ್ನೂ ಕೊಟ್ಟಿತು. ಆದರೆ ಮಳೆ ಈ ಲೆಕ್ಕವನ್ನು ಒಪ್ಪುವುದಿಲ್ಲ.

ಎಲೆಯ ಮೇಲೆ ಬಿದ್ದ ಹನಿ ನೆಲ ಮುಟ್ಟುವಾಗ ಬೇರೆಯೇ ನೀರಾಗಿರುತ್ತದೆ. ಎಲೆಯೊಳಗಿನ ಪೊಟ್ಯಾಸಿಯಂ ಅದರಲ್ಲಿ ಇಳಿದುಬರುತ್ತದೆ. ಎಲೆಗಂಟಿದ ಧೂಳು, ಲವಣ ತೊಳೆದುಬರುತ್ತವೆ. ಮಳೆ ತಂದ ಸಾರಜನಕದಲ್ಲಿ ಒಂದು ಪಾಲನ್ನು ಕೆಲವೊಮ್ಮೆ ಹಸಿರು ಚಪ್ಪರವೇ ಉಳಿಸಿಕೊಳ್ಳುತ್ತದೆ. ಬೇರಿನ ಊಟ ಅರ್ಧ ತಯಾರಾಗುವುದೇ ಮೇಲೆ.

ಯಾವ ಮರವಾದರೇನು, ಎಲೆ ಎಲೆಯೇ ತಾನೆ ಎನ್ನುವವರು ಜರ್ಮನಿಯ ಸೋಲಿಂಗ್ ಬೆಟ್ಟಗಳತ್ತ ನೋಡಲಿ. ಅಲ್ಲಿ ಬೀಚ್ ಮತ್ತು ಸ್ಪ್ರೂಸ್ ಮರಗಳಡಿಯ ಮಳೆನೀರನ್ನು ಹಿಡಿದು ಪರೀಕ್ಷಿಸಿದರು. ಆಕಾಶ ಒಂದೇ, ಆದರೆ ಸ್ಪ್ರೂಸಿನಡಿ ಗಂಧಕ ಹೆಚ್ಚು. ಚಳಿಗಾಲದಲ್ಲೂ ಉದುರದ ಅದರ ಸೂಜಿ ಎಲೆಗಳು ಗಾಳಿಯ ಮಾಲಿನ್ಯವನ್ನು ಬಾಚಿಕೊಂಡಿದ್ದವು.

ಮರ ಬದಲಾದರೆ ನೆಲಕ್ಕಿಳಿಯುವ ನೀರೂ ಬದಲಾಗುತ್ತದೆ. ಹತ್ತಾರು ಜಾತಿಯ ಮರಗಳು ಹೆಗಲಿಗೆ ಹೆಗಲು ಕೊಟ್ಟು ನಿಂತ ಮಲೆನಾಡಿನ ಕಾಡಿಗೆ ಅಕೇಶಿಯಾದ ಸಾಲು ಹೇಗೆ ಸಮವಾದೀತು? ಸಸಿಗಳ ಸಂಖ್ಯೆ ಹಿಡಿದು ಬರುವವರನ್ನು ಇಷ್ಟೇ ಕೇಳಬೇಕು: ಮರ ಎಣಿಸಿದಿರಿ ಸರಿ, ಅದರಡಿಯ ಮಳೆಯನ್ನು ಒಮ್ಮೆಯಾದರೂ ಅಳೆದಿದ್ದೀರಾ?